ಹುಣಸೆಕೊಪ್ಪದ ಹಾಲು

ಪರೀಕ್ಷಾ ಪಟ್ಟಿಯ ಮೇಲೆ ಎರಡು ಕೆಂಪು ಗೆರೆ ಮೂಡಬೇಕಿತ್ತು. ಮೂಡಿದ್ದು ಒಂದೇ.

ಲಿಖಿತಾ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು. ಆಮೇಲೆ ಪ್ರಯೋಗಾಲಯದ ಬಾಗಿಲಿಂದಲೇ ಕರೆದಳು—

"ಅಮೂಲ್ಯ ಮೇಡಂ, ಸ್ವಲ್ಪ ಬನ್ನಿ. ಟ್ಯಾಂಕರ್ ಖಾಲಿ ಮಾಡಿಸ್ಬೇಡಿ."

ಡೇರಿಯ ವ್ಯವಸ್ಥಾಪಕಿ ಅಮೂಲ್ಯ ಬಂದಳು. ಎರಡನೆಯ ಗೆರೆ ಇಲ್ಲವೆಂದರೆ ಹಾಲಿನಲ್ಲಿ ಆಂಟಿಬಯಾಟಿಕ್ ಸೇರಿದೆ ಎಂದರ್ಥ. ಗೆರೆ ಮಸುಕಾಗಿದ್ದರೆ ಎಲ್ಲೋ ಅಲ್ಪಸ್ವಲ್ಪ ಎನ್ನಬಹುದಿತ್ತು. ಇಲ್ಲಿ ಗೆರೆಯ ಸುಳಿವೇ ಇರಲಿಲ್ಲ.

"ಯಾವ ಊರಿನ ಹಾಲು?"

"ಹುಣಸೆಕೊಪ್ಪ. ರಿಜ್ವಾನ್ ತಂದ ಟ್ಯಾಂಕರ್."

"ಇನ್ನೊಂದು ಸ್ಯಾಂಪಲ್ ನಾನೇ ತೆಗೀತೀನಿ."

ಅಂಗಳದಲ್ಲಿ ಟ್ಯಾಂಕರ್ ನಿಂತಿತ್ತು. ಚಾಲಕ ರಿಜ್ವಾನ್ ಕ್ಯಾಬಿನ್ನಿನಿಂದ ಸ್ಯಾಂಪಲ್ ಬಾಟಲಿಗಳ ಕ್ರೇಟನ್ನು ಇಳಿಸಿ ಕೊಟ್ಟ. ಹುಣಸೆಕೊಪ್ಪದ ಬಾಟಲಿಗಳಿಗೆ ಹಸಿರು ಮುಚ್ಚಳ. ಅಮೂಲ್ಯ ಒಂದನ್ನು ತೆಗೆದುಕೊಂಡು ತಾನೇ ಏಣಿ ಹತ್ತಿದಳು, ತಾನೇ ಹಾಲು ತುಂಬಿದಳು, ತಾನೇ ಪಟ್ಟಿ ಅದ್ದಿದಳು.

ಮತ್ತೆ ಒಂದೇ ಗೆರೆ.

ಬೇರೆ ದಿನವಾಗಿದ್ದರೆ ಇದು ಒಂದು ಟ್ಯಾಂಕರಿನ ನಷ್ಟ, ಒಂದು ಊರಿನ ಬೇಸರ. ಇವತ್ತು ಹಾಗಲ್ಲ. ಭದ್ರಾವತಿಯ ಹೊರಗೆ, ಶಿವಮೊಗ್ಗದ ರಸ್ತೆಯಲ್ಲಿದ್ದ ಈ ಡೇರಿಯ ಹೆಸರು 'ಮಲೆಸೆರಗು'. ಸುತ್ತಲಿನ ಊರುಗಳ ಹಾಲು ಹಾಕುವ ಹೆಂಗಸರೇ ಷೇರು ಕೂಡಿಸಿ ಕಟ್ಟಿದ ಕಂಪನಿ. ದೊಡ್ಡ ಕಂಪನಿಗಳ ಹಾಗೆ ದರ ಏರಿಸಿ ಇಳಿಸಿ ಆಟವಾಡುವ ಶಕ್ತಿ ಅದಕ್ಕಿರಲಿಲ್ಲ. ಅದು ಮಾರುಕಟ್ಟೆಯಲ್ಲಿ ಉಳಿದಿದ್ದು ಒಂದೇ ಮಾತಿನ ಮೇಲೆ— ನಮ್ಮ ಹಾಲಿನಲ್ಲಿ ಔಷಧಿಯ ಅಂಶ ಇರುವುದಿಲ್ಲ. ಆ ಮಾತನ್ನು ನಂಬಿ ಬೆಂಗಳೂರಿನ ಮೊಸರು, ಪನೀರ್ ತಯಾರಿಸುವ ಸಂಸ್ಥೆಯೊಂದು ವರ್ಷವಿಡೀ ಒಂದೇ ದರಕ್ಕೆ ಹಾಲು ಕೊಳ್ಳಲು ಮುಂದೆ ಬಂದಿತ್ತು. ಆ ಸಂಸ್ಥೆಯ ಪರವಾಗಿ ಒಪ್ಪಂದಕ್ಕೆ ಸಹಿ ಹಾಕಬೇಕಾಗಿದ್ದ ಪೂಜಿತಾ ಆ ಹೊತ್ತಿಗೆ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಇಳಿದಿರಬೇಕು. ಕರೆತರಲು ಹಾಲು ಸಂಗ್ರಹಣಾ ವಿಭಾಗದ ಮುಖ್ಯಸ್ಥ ರೇಣುಕಾಪ್ರಸಾದ್ ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೋಗಿದ್ದರು.

ಅಮೂಲ್ಯ ಅವರಿಗೆ ಫೋನ್ ಮಾಡಿದಳು.

"ಸರ್, ಹುಣಸೆಕೊಪ್ಪದ ಹಾಲು ಫೇಲಾಗಿದೆ. ಆಂಟಿಬಯಾಟಿಕ್. ಎರಡು ಸಲ ನೋಡಿದೆ."

ಆ ಕಡೆ ಕಾರು ಓಡುವ ಶಬ್ದ.

"ಕಲ್ಲಮ್ಮನ ಹಸು ಇರ್ಬೇಕು," ಎಂದರು ರೇಣುಕಾಪ್ರಸಾದ್. "ಕೆಚ್ಚಲು ಬಾವು ಅಂತ ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದಾರೆ. ಆ ಹಾಲನ್ನೇ ತಂದು ಸುರಿದಿದ್ದಾಳೆ. ಅವಳ ಅಮಾನತು ಆದೇಶಕ್ಕೆ ನೀವು ಸೈನ್ ಮಾಡ್ಬಿಡಿ. ನಿಯಮ ಅಂದ್ರೆ ನಿಯಮ."

"ಪೂಜಿತಾ ಅವರಿಗೆ ಈಗಲೇ ಏನೂ—"

"ಕ್ಷಮಿಸಿ ಮೇಡಂ. ಡ್ರೈವ್ ಮಾಡ್ತಿದ್ದೆ, ಫೋನು ಸ್ಪೀಕರಲ್ಲಿತ್ತು. ಅವರು ಪಕ್ಕದಲ್ಲೇ ಇದ್ದಾರೆ."

ಇನ್ನೊಂದು ದನಿ ಕೇಳಿತು, ಶಾಂತವಾಗಿ. "ಅಮೂಲ್ಯ ಅವರೇ, ನಾನು ಪೂಜಿತಾ. ನಾಳೆ ಮಧ್ಯಾಹ್ನ ಡೇರಿಗೆ ಬರ್ತೀನಿ. ಇದು ಹೇಗಾಯ್ತು ಅಂತ ಅಷ್ಟರೊಳಗೆ ನನಗೆ ಗೊತ್ತಾಗ್ಬೇಕು. ಗೊತ್ತಾಗದೆ ಇದ್ರೆ ನಾನು ಸಹಿ ಹಾಕೋಕಾಗಲ್ಲ."

ಅಮೂಲ್ಯ ಫೋನ್ ಇಟ್ಟಳು. ಡೇರಿಯ ಹಿಂದಿನ ಗುಂಡಿಗೆ ಟ್ಯಾಂಕರಿನ ಹಾಲನ್ನೆಲ್ಲ ಸುರಿಸಿದಳು. ಕಲ್ಲಮ್ಮನ ಅಮಾನತು ಆದೇಶಕ್ಕೆ ಸಹಿ ಹಾಕಿದಳು. ಬಿಳಿ ಹಾಲು ಮಣ್ಣಿನಲ್ಲಿ ಇಂಗುವುದನ್ನು ನೋಡುತ್ತ ನಿಂತಾಗ ಮಾತ್ರ ಏನೋ ತಪ್ಪಿದೆ ಎನ್ನಿಸಿತು. ಕಲ್ಲಮ್ಮನನ್ನು ಅವಳು ಬಲ್ಲಳು. ಔಷಧಿ ಕೊಟ್ಟ ಹಸುವಿನ ಕಾಲಿಗೆ ಕೆಂಪು ಪಟ್ಟಿ ಕಟ್ಟಬೇಕು, ಅದರ ಹಾಲನ್ನು ಕೇಂದ್ರಕ್ಕೆ ತರಬಾರದು ಎಂದು ಊರೂರಲ್ಲಿ ಹೇಳಿಕೊಂಡು ತಿರುಗಿದ ಹೆಂಗಸು ಅವಳು.

ಪೊಲೀಸರಿಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅಮೂಲ್ಯ ಪೀರ್ ಬಾಷಾ ಅವರಿಗೆ ಫೋನ್ ಮಾಡಿದಳು.

ಪೀರ್ ಬಾಷಾ ನಿವೃತ್ತ ಸರ್ಕಲ್ ಇನ್ಸ್‌ಪೆಕ್ಟರ್. ಮನೆ ಓಲ್ಡ್ ಟೌನಿನಲ್ಲಿ. ಹಿಂದೊಮ್ಮೆ ಡೇರಿಯ ತುಪ್ಪ ಕಳುವಾದಾಗ ಸದ್ದಿಲ್ಲದೆ ಪತ್ತೆ ಮಾಡಿಕೊಟ್ಟವರು. ಬಂದವರೇ ಟ್ಯಾಂಕರಿನ ಸುತ್ತ ಒಂದು ಸುತ್ತು ಹಾಕಿದರು. ಗೇಟಿನ ಕಾವಲುಗಾರನ ಜೊತೆ ಹವಾಮಾನದ ಬಗ್ಗೆ ಮಾತಾಡಿದರು. ಆಮೇಲೆ ರಿಜ್ವಾನನ ಕಡೆ ತಿರುಗಿದರು.

"ಇವತ್ತು ಯಾಕೋ ತಡವಾಯ್ತಂತೆ?"

"ರೈಲ್ವೆ ಗೇಟ್ ಹಾಕಿತ್ತು ಸಾಬ್."

"ಯಾವ ರೈಲು?"

ರಿಜ್ವಾನ್ ಕೈಯಲ್ಲಿದ್ದ ಬಟ್ಟೆಯಿಂದ ಕನ್ನಡಿ ಒರೆಸತೊಡಗಿದ. "ಗೂಡ್ಸ್ ಇರ್ಬೇಕು."

"ಇರ್ಬೇಕು— ಅಂದ್ರೆ ನೋಡ್ಲಿಲ್ಲ?"

"ನೋಡ್ಲಿಲ್ಲ ಸಾಬ್."

"ದಾರೀಲಿ ಬೇರೆ ಎಲ್ಲೂ ನಿಲ್ಲಿಸ್ಲಿಲ್ಲ?"

"ಇಲ್ಲ."

"ಹಾಲು ಕೆಟ್ಟಿದೆ ಅಂತ ನಿಂಗೆ ಗೊತ್ತಾಗಿದ್ದು ಯಾವಾಗ?"

ರಿಜ್ವಾನ್ ತಲೆ ಎತ್ತಲಿಲ್ಲ. "ಇಲ್ಲೇ. ಮೇಡಂ ಏಣಿ ಹತ್ತಿದಾಗ."

ಪೀರ್ ಬಾಷಾ ಮುಂದೆ ಕೇಳಲಿಲ್ಲ. ಕಾರು ಹತ್ತಿದ ಮೇಲೆ ಅಮೂಲ್ಯಳಿಗೆ ಹೇಳಿದರು— "ಹುಡುಗ ಸುಳ್ಳು ಹೇಳ್ತಿದ್ದಾನೆ. ಎಷ್ಟು ದೊಡ್ಡ ಸುಳ್ಳು ಅಂತ ಗೊತ್ತಿಲ್ಲ. ನಡೀರಿ, ಊರು ನೋಡೋಣ."

ಹುಣಸೆಕೊಪ್ಪ ಶಂಕರಘಟ್ಟದ ಆಚೆಗಿನ ಸಣ್ಣ ಊರು. ಹಾಲಿನ ಕೇಂದ್ರವೆಂದರೆ ಒಂದು ಕೋಣೆ, ಒಳಗೆ ಹಾಲು ತಂಪಾಗಿಡುವ ದೊಡ್ಡ ಸ್ಟೀಲಿನ ತೊಟ್ಟಿ. ಕಾರು ನಿಂತಾಗ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಎದ್ದರು. ಅವರ ಮುಖದಲ್ಲಿ ಸಿಟ್ಟಿತ್ತು, ಆ ಸಿಟ್ಟಿಗೆ ಆಗಲೇ ಒಂದು ಹೆಸರೂ ಸಿಕ್ಕಿತ್ತು.

"ಅವಳೊಬ್ಬಳ ಹಸೂಗೆ ಇಡೀ ಊರಿನ ಹಾಲು ಮಣ್ಣುಪಾಲು ಮಾಡಿದ್ರಲ್ಲ ಮೇಡಂ. ನಾವೇನು ಮಾಡಿದ್ವಿ?"

ಕೇಂದ್ರದ ಕಾರ್ಯದರ್ಶಿ ಶರಾವತಿ ಅವರನ್ನು ಸುಮ್ಮನಾಗಿಸಿ ಇಬ್ಬರನ್ನೂ ಒಳಗೆ ಕರೆದಳು. ಅವಳ ಕಣ್ಣು ಊದಿಕೊಂಡಿತ್ತು.

"ಸುದ್ದಿ ಯಾರು ಹೇಳಿದ್ರಮ್ಮ ನಿಮಗೆ?" ಪೀರ್ ಬಾಷಾ ಕೇಳಿದರು.

"ರೇಣುಕಾಪ್ರಸಾದ್ ಸರ್ ಫೋನ್ ಮಾಡಿದ್ರು. ನಿಮ್ಮೂರಿನ ಹಾಲು ಕೆಟ್ಟಿದೆ, ಇನ್ಮೇಲೆ ಕಲ್ಲಮ್ಮನ ಹಾಲು ತಗೋಬೇಡ ಅಂದ್ರು. ನಂಗೆ ಮನಸ್ಸು ತಡೀಲಿಲ್ಲ. ಕೂಡ್ಲೇ ರಿಜ್ವಾನ್‌ಗೆ ಫೋನ್ ಮಾಡಿ ಏನಾಯ್ತು ಮಾರಾಯ ಅಂತ ಕೇಳ್ದೆ. ಅವ್ನೂ ಸರಿಯಾಗಿ ಹೇಳ್ಲಿಲ್ಲ. ಡೇರಿ ಗೇಟಲ್ಲಿದ್ದೀನಿ, ಆಮೇಲೆ ಮಾಡ್ತೀನಿ ಅಂದು ಇಟ್ಬಿಟ್ಟ."

"ಕಲ್ಲಮ್ಮ ಬೆಳಿಗ್ಗೆ ಹಾಲು ಹಾಕಿದ್ರಾ?"

"ಹಾಕಿದ್ರು. ಅವರಿಗೆ ಎರಡು ಹಸು. ಔಷಧಿ ಹಾಕಿದ್ದರ ಹಾಲು ತರಲ್ಲ. ಇದುವರೆಗೂ ತಂದಿಲ್ಲ. ಆದ್ರೆ ಈಗ—"

ಕಲ್ಲಮ್ಮ ಕೊಟ್ಟಿಗೆಯ ಮುಂದೆ ಕೂತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಕುಂಕುಮದ ಬದಲು ಹಣೆಯ ತುಂಬ ವಿಭೂತಿ. ಇವರನ್ನು ನೋಡಿ ಏಳಲಿಲ್ಲ. ಹಿಂದೆ ಕಂದು ಹಸುವೊಂದು ಕಾಲಿಗೆ ಕೆಂಪು ಪಟ್ಟಿ ಕಟ್ಟಿಸಿಕೊಂಡು ಮೆಲುಕು ಹಾಕುತ್ತಿತ್ತು.

"ಇದರ ಹಾಲು ಏನು ಮಾಡ್ತೀರಿ?" ಪೀರ್ ಬಾಷಾ ಕೇಳಿದರು.

"ತೆಂಗಿನ ಬುಡಕ್ಕೆ ಸುರೀತೀನಿ. ವಾಸನೆ ಬೇಕಾದ್ರೆ ಹೋಗಿ ನೋಡಿ."

ಅವರು ನಿಜವಾಗಿಯೂ ಹೋಗಿ ನೋಡಿದರು. ತೆಂಗಿನ ಬುಡದಲ್ಲಿ ಹುಳಿ ನಾತ, ನೊಣದ ಹಿಂಡು.

ಕಲ್ಲಮ್ಮ ಅಮೂಲ್ಯಳನ್ನೇ ನೋಡುತ್ತಿದ್ದಳು. "ಆದೇಶಕ್ಕೆ ಸೈನ್ ಹಾಕಿದ್ದು ನೀವೇನಾ?"

"ಹೌದಮ್ಮ."

"ಹಾಕೋ ಮುಂಚೆ ಒಂದು ಮಾತು ಕೇಳ್ಬೋದಿತ್ತು."

ಇಬ್ಬರೂ ಕಾರು ಹತ್ತಿ ಹೊರಟರು. ಶಂಕರಘಟ್ಟದ ವಿಶ್ವವಿದ್ಯಾಲಯದ ಬಸ್ಸುಗಳು ಎದುರಾಗಿ ಹೋದವು.

"ನಂಗೊಂದು ಅರ್ಥ ಮಾಡ್ಸಿ ಮೇಡಂ," ಪೀರ್ ಬಾಷಾ ಕೇಳಿದರು. "ಜ್ವರ ಬಂದ್ರೆ ನಾವೂ ಆಂಟಿಬಯಾಟಿಕ್ ನುಂಗ್ತೀವಿ. ಹಾಲಲ್ಲಿ ಒಂಚೂರು ಇದ್ರೆ ಆ ಬೆಂಗಳೂರಿನವರಿಗೆ ಯಾಕಿಷ್ಟು ಭಯ?"

"ಕುಡಿಯೋರಿಗೆ ಒಳ್ಳೇದಲ್ಲ, ಅದೊಂದು. ಇನ್ನೊಂದು, ಅವರ ವ್ಯಾಪಾರವೇ ಮೊಸರು. ಹೆಪ್ಪು ಅಂದ್ರೆ ಜೀವ ಇರೋ ಸೂಕ್ಷ್ಮಾಣು ಸರ್. ಔಷಧಿ ಅದನ್ನು ಕೊಲ್ಲುತ್ತೆ. ಕಾಯಿಸಿದ್ರೂ ಔಷಧಿ ಹೋಗಲ್ಲ. ಇವತ್ತಿನ ಸ್ಯಾಂಪಲಿನಷ್ಟು ಇದ್ರೆ ಇಡೀ ತೊಟ್ಟಿ ಹಾಲು ಹಾಗೇ ನೀರು ನೀರಾಗಿ ಕೂತಿರುತ್ತೆ."

"ಹೆಪ್ಪಾಗೋದೇ ಇಲ್ಲ?"

"ಸಾಧ್ಯವೇ ಇಲ್ಲ."

ಅವರು ತಲೆಯಾಡಿಸಿ ಕಿಟಕಿಯಾಚೆ ನೋಡಿದರು.

ಆ ಸಂಜೆ ಹುಣಸೆಕೊಪ್ಪದಿಂದ ಫೋನ್ ಬಂತು. ಪಕ್ಕದ ಪಟ್ಟಣದ ಖಾಸಗಿ ಕಂಪನಿಯ ಗಾಡಿ ಆಗಲೇ ಊರಿಗೆ ಬಂದಿದೆ, ಹತ್ತಾರು ಹೆಂಗಸರು ಅದಕ್ಕೆ ಹಾಲು ಹಾಕಿದ್ದಾರೆ ಎಂದಳು ಶರಾವತಿ. ಸುದ್ದಿ ಆ ಗಾಡಿಯವರಿಗೆ ಅಷ್ಟು ಬೇಗ ಹೇಗೆ ತಲುಪಿತು ಎಂದು ಅಮೂಲ್ಯ ಆಶ್ಚರ್ಯಪಟ್ಟಳು. ಒಂದು ಊರು ಹೋದರೆ ಪಕ್ಕದ ಊರು ಉಳಿಯುವುದಿಲ್ಲ. ಹಾಲು ಹೇರಳವಾದ ತಿಂಗಳಲ್ಲಿ ಅದೇ ಗಾಡಿ ಬಾರದೆ ನಿಂತಾಗ ಈ ಹೆಂಗಸರೇ ಹಾಲನ್ನು ಚರಂಡಿಗೆ ಸುರಿದಿದ್ದರು. ಅದನ್ನು ನೆನಪಿಸುವ ಮುಖ ಅವಳಿಗೆ ಈಗ ಇರಲಿಲ್ಲ.

ಮರುದಿನ ಬೆಳಿಗ್ಗೆ ಪೀರ್ ಬಾಷಾ ಅವಳನ್ನು ಡೇರಿಗೆ ಹೋಗಲು ಬಿಡಲಿಲ್ಲ.

"ಓಲ್ಡ್ ಟೌನಿಗೆ ಬನ್ನಿ. ತಿಂಡಿ ತಿನ್ನೋಣ."

"ಸರ್, ಮಧ್ಯಾಹ್ನ ಪೂಜಿತಾ—"

"ರಿಜ್ವಾನ್ ಸುಳ್ಳು ಹೇಳ್ತಾನೆ. ಅವನ ತಾಯಿ ಸುಳ್ಳು ಹೇಳಿದ್ದು ನಾನು ಕೇಳಿಲ್ಲ."

ಕುಲ್ಸುಂ ಹೋಟೆಲ್ ಎಂದರೆ ಮಾರುಕಟ್ಟೆಯ ಸಂದಿಯಲ್ಲಿ ನಾಲ್ಕು ಮೇಜು. ಗಂಡ ಸತ್ತ ಮೇಲೆ ರಿಜ್ವಾನನ ತಾಯಿ ಕುಲ್ಸುಂ ಅದನ್ನು ಒಬ್ಬಳೇ ನಡೆಸಿಕೊಂಡು ಬಂದಿದ್ದಳು. ಇನ್ಸ್‌ಪೆಕ್ಟರ್ ಸಾಬರನ್ನು ಕಂಡು ಮೇಜು ಒರೆಸಿ ಪರೋಟ ತಂದಿಟ್ಟಳು. ಅಮೂಲ್ಯಳಿಗೆ ಒಂದು ಬಟ್ಟಲು ಮೊಸರು, ಸಕ್ಕರೆ.

"ನಮ್ಮ ರಿಜ್ವಾನ್ ನಿನ್ನೆ ಬೆಳಿಗ್ಗೆ ಇಲ್ಲಿಗೆ ಬಂದಿದ್ನಾ ಅಕ್ಕ?" ಪೀರ್ ಬಾಷಾ ಪರೋಟ ಮುರಿಯುತ್ತ ಕೇಳಿದರು.

"ಬಂದಿದ್ದ. ಹಾಲು ಕೊಡೋಕೆ ಬರ್ತಾನಲ್ಲ."

"ಯಾವ ಹಾಲು?"

"ಅವ್ನು ಹೋಗ್ತಾನಲ್ಲ, ಆ ಊರಿಂದೇ. ಟ್ಯಾಂಕರ್ ತುಂಬಿದ್ಮೇಲೆ ಅದೇ ನಲ್ಲೀಲಿ ಕೊನೆಗೆ ಒಂದು ಕ್ಯಾನ್ ಹಿಡ್ಕೊಂಡು ಬರ್ತಾನೆ. ಪುಕ್ಕಟೆ ಅಲ್ಲ ಸಾಬ್, ಆ ಕೇಂದ್ರದ ಹುಡುಗಿಗೆ ದುಡ್ಡು ಕಳಿಸ್ತೀನಿ. ಟ್ಯಾಂಕರ್ ನಿಲ್ಸೋ ಹಾಗಿಲ್ಲ ಅಂತ ಡೇರೀಲಿ ಕಾನೂನಂತೆ. ಅದಕ್ಕೇ ಹೇಳ್ಬೇಡ ಅಂತಾನೆ." ಕುಲ್ಸುಂ ಅಮೂಲ್ಯಳ ಮುಖ ನೋಡಿ ಅನುಮಾನಿಸಿದಳು. "ನಿನ್ನೆ ಪಾಪ ಸರಿಯಾಗಿ ತಿನ್ಲೂ ಇಲ್ಲ. ಮೈ ಬಿಸಿ ಇತ್ತು, ಕೂತ್ಕೋ ಅಂತ ಕೂರಿಸಿದ್ದೆ. ಯಾರದೋ ಫೋನ್ ಬಂತು. ಅರ್ಧ ತಟ್ಟೆ ಬಿಟ್ಟು ಎದ್ದು ಓಡಿದ."

ಅಮೂಲ್ಯ ಚಮಚ ಮೊಸರಿಗಿಟ್ಟಿದ್ದಳು. ಪೀರ್ ಬಾಷಾ ಅವಳ ಕೈ ತಡೆದರು.

"ಅಕ್ಕ, ಈ ಮೊಸರು ಯಾವಾಗಿನ ಹಾಲಿದು?"

"ನಿನ್ನೆ ತಂದನಲ್ಲ, ಅದೇ. ಬೇರೆ ಹಾಲು ಎಲ್ಲಿದೆ?"

ಪೀರ್ ಬಾಷಾ ಬಟ್ಟಲನ್ನು ಎತ್ತಿ, ಮೆಲ್ಲಗೆ ತಲೆಕೆಳಗು ಮಾಡಿ ಹಿಡಿದರು. ಮೊಸರು ಅಲುಗಲಿಲ್ಲ. ಗಟ್ಟಿ ಗಡ್ಡೆ.

ಅಮೂಲ್ಯಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಇದು ಹೆಪ್ಪಾಗೋ ಹಾಗೇ ಇರ್ಲಿಲ್ಲ," ಎಂದಳು ಪಿಸುದನಿಯಲ್ಲಿ. "ಸರ್— ಹಾಲು ಚೆನ್ನಾಗಿತ್ತು. ನಾನು ಒಳ್ಳೇ ಹಾಲನ್ನ ಗುಂಡಿಗೆ ಸುರಿಸಿದೆ."

"ಹಾಗಾದ್ರೆ ಪರೀಕ್ಷೇಲಿ ಔಷಧಿ ಎಲ್ಲಿಂದ ಬಂತು? ಎರಡನೇ ಸಲ ನೀವೇ ತುಂಬಿದ್ರಿ. ಯಾರೂ ಮುಟ್ಟಿಲ್ಲ."

"ಯಾರೂ ಮುಟ್ಟಿಲ್ಲ. ಹಾಲು ನಾನೇ—" ಅವಳು ನಿಲ್ಲಿಸಿದಳು. "ಬಾಟಲಿ. ಬಾಟಲಿ ಮಾತ್ರ ಆ ಕ್ರೇಟಿನದು."

ಡೇರಿ ತಲುಪಿದವರು ನೇರ ಪ್ರಯೋಗಾಲಯಕ್ಕೆ ಹೋದರು. ನಿನ್ನೆ ಗಾಡಿಯಿಂದ ಇಳಿಸಿದ್ದ ಹಸಿರು ಮುಚ್ಚಳದ ಕ್ರೇಟಿನಲ್ಲಿ ಖಾಲಿ ಬಾಟಲಿಗಳು ಇನ್ನೂ ಉಳಿದಿದ್ದವು. ಆ ಬೆಳಿಗ್ಗೆ ಬೇರೊಂದು ಊರಿನಿಂದ ಬಂದು ಪರೀಕ್ಷೆಯಲ್ಲಿ ಪಾಸಾಗಿದ್ದ ಹಾಲನ್ನು ಅಮೂಲ್ಯ ಎರಡು ಬಾಟಲಿಗೆ ಸುರಿದಳು— ಒಂದು ಹಸಿರು ಮುಚ್ಚಳದ್ದು, ಒಂದು ನೀಲಿ ಮುಚ್ಚಳದ್ದು. ಲಿಖಿತಾ ಪಟ್ಟಿಗಳನ್ನು ಅದ್ದಿದಳು. ಮೂವರೂ ಬಗ್ಗಿ ನೋಡಿದರು.

ನೀಲಿ ಮುಚ್ಚಳದ ಬಾಟಲಿಯ ಹಾಲಿಗೆ ಎರಡು ಗೆರೆ. ಹಸಿರು ಮುಚ್ಚಳದ್ದಕ್ಕೆ ಒಂದೇ.

"ಬಾಟಲಿಯ ತಳದಲ್ಲಿ ಔಷಧಿ ಒಣಗಿಸಿ ಇಟ್ಟಿದ್ದಾರೆ," ಎಂದಳು ಅಮೂಲ್ಯ. "ಒಂದೆರಡು ಹನಿ ಸಾಕು. ಕಣ್ಣಿಗೆ ಕಾಣಲ್ಲ."

ಲಿಖಿತಾ ಬಿಳಿಚಿಕೊಂಡಳು. "ಮೇಡಂ, ಬಾಟಲಿ ತೊಳೆಯೋದು ನಾನು. ನೀವು ನನ್ನ—"

"ತೊಳೆದ ಮೇಲೆ?" ಪೀರ್ ಬಾಷಾ ಕೇಳಿದರು.

"ಒಣಗಿಸಿ, ಮುಚ್ಚಳ ಹಾಕಿ ಸ್ಟೋರಿನಲ್ಲಿಡ್ತೀನಿ. ಊರೂರಿಗೆ ಬೇರೆ ಬಣ್ಣ ಅಂತ ಈಗೀಗ ರೇಣುಕಾಪ್ರಸಾದ್ ಸರ್ ಮಾಡಿದ್ದು. ಸಂಜೆ ಅವರೇ ಡ್ರೈವರುಗಳಿಗೆ ಕ್ರೇಟ್ ಹಂಚ್ತಾರೆ. ಆಮೇಲೆ ಅದು ಗಾಡೀಲೇ ಇರುತ್ತೆ."

"ಅಂದ್ರೆ ಮೂರು ಕೈ," ಎಂದರು ಪೀರ್ ಬಾಷಾ. "ನೀವು, ಅವರು, ರಿಜ್ವಾನ್."

ಅಮೂಲ್ಯ ಲಿಖಿತಾಳನ್ನು ನೋಡಿದಳು. ಕಿಟಕಿಯಾಚೆ ಟ್ಯಾಂಕರಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ರಿಜ್ವಾನನನ್ನು ನೋಡಿದಳು. ಇಬ್ಬರೂ ಅವಳ ಕಣ್ಣೆದುರಿಗೇ ಕೆಲಸ ಕಲಿತವರು. ಯಾರ ಮೇಲೆ ಅನುಮಾನ ಪಟ್ಟರೂ ಇನ್ನೊಂದು ಆದೇಶಕ್ಕೆ ಅವಸರದಲ್ಲಿ ಸಹಿ ಹಾಕಿದಂತಾಗುತ್ತದೆ ಎನ್ನಿಸಿತು.

"ಶರಾವತೀನ ಕರೆಸಿ," ಪೀರ್ ಬಾಷಾ ಹೇಳಿದರು. "ಫೋನ್ ಮರೀದೆ ತರ್ಲಿ."

ಮಧ್ಯಾಹ್ನ ರೇಣುಕಾಪ್ರಸಾದರ ಕಾರು ಗೇಟಿನೊಳಗೆ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಸದಾ ಇರುವ ನಗು. ಪೂಜಿತಾ ಅವರ ಹಿಂದೆ ಇಳಿದಳು. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಕಚೇರಿಯಲ್ಲಿ ಲಿಖಿತಾ, ರಿಜ್ವಾನ್, ಶರಾವತಿ ಆಗಲೇ ಕೂತಿದ್ದನ್ನು ನೋಡಿ ರೇಣುಕಾಪ್ರಸಾದ್ ಅಮೂಲ್ಯಳ ಹತ್ತಿರ ಬಂದು ದನಿ ತಗ್ಗಿಸಿದರು.

"ಮನೆಯ ಮಾತು ಇವರ ಮುಂದೆ ಯಾಕೆ? ಮೇಡಮ್ಮನ್ನ ಮೊದಲು ಹೊರಗೆ ಪ್ಲಾಂಟ್ ತೋರಿಸ್ಕೊಂಡು ಬರ್ತೀನಿ."

ಅಮೂಲ್ಯ ಒಂದು ಗಳಿಗೆ ಯೋಚಿಸಿದಳು. ಒಳಗೆ ಏನು ಹೊರಬೀಳುತ್ತದೆ ಎಂದು ಅವಳಿಗೂ ಪೂರ್ತಿ ಗೊತ್ತಿರಲಿಲ್ಲ. ಪೀರ್ ಬಾಷಾ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಅವಳಿಗೂ ಹೇಳಿರಲಿಲ್ಲ.

"ಬೇಡ ಸರ್. ಅವರೂ ಇಲ್ಲೇ ಇರ್ಲಿ. ನಮ್ಮ ಹಾಲು ಕೊಳ್ಳೋರು ನಮ್ಮ ತಪ್ಪನ್ನೂ ನೋಡ್ಲಿ."

ಪೂಜಿತಾ ಕುರ್ಚಿ ಎಳೆದುಕೊಂಡು ಕೂತಳು.

ಪೀರ್ ಬಾಷಾ ಮೊದಲು ಮೊಸರಿನ ಬಟ್ಟಲಿನ ವಿಷಯ ಹೇಳಿದರು. ಆಮೇಲೆ ಎರಡು ಪಟ್ಟಿಗಳನ್ನು ಪೂಜಿತಾಳ ಮುಂದಿಟ್ಟರು. ರೇಣುಕಾಪ್ರಸಾದ್ ತಲೆಯಾಡಿಸಿ ನಿಟ್ಟುಸಿರು ಬಿಟ್ಟರು.

"ಅಂದ್ರೆ ನಮ್ಮೊಳಗಿನವರೇ ಯಾರೋ. ಛೇ. ಬಾಟಲಿ ತೊಳೆಯೋರು ಒಬ್ಬರು, ಇಡೀ ರಾತ್ರಿ ಗಾಡೀಲಿ ಇಟ್ಕೊಂಡಿರೋರು ಒಬ್ಬರು. ನಿನ್ನೆ ಬೆಳಿಗ್ಗೆಯಿಂದ ನಾನಂತೂ ಸೋಗಾನೆಯಲ್ಲಿದ್ದೆ."

"ಗೊತ್ತು ಸರ್," ಎಂದರು ಪೀರ್ ಬಾಷಾ. "ಸೋಗಾನೆಯಲ್ಲಿ ಇದ್ದಿದ್ದೇ ನಿಮಗೆ ಮುಳುವಾಯ್ತು."

"ಏನ್ಹಾಗಂದ್ರೆ?"

"ರಿಜ್ವಾನ್, ನಿನ್ನೆ ಅಮ್ಮನ ಹೋಟೆಲಲ್ಲಿ ತಿಂಡಿ ತಿಂತಿದ್ದಾಗ ಫೋನ್ ಬಂತಲ್ಲ. ಯಾರದು?"

ರಿಜ್ವಾನ್ ಅಮೂಲ್ಯಳ ಕಡೆ ನೋಡಿದ. ಕೆಲಸ ಹೋಯಿತು ಎಂಬ ಮುಖ. "ಶರಾವತಿ ಅಕ್ಕಂದು."

"ಏನು ಕೇಳಿದ್ರು?"

"ನಮ್ಮೂರ ಹಾಲು ಕೆಟ್ಟಿದ್ಯಂತೆ, ಏನಾಯ್ತು ಅಂದ್ರು. ಡೇರಿ ಗೇಟಲ್ಲಿದ್ದೀನಿ ಅಂತ ಸುಳ್ಳು ಹೇಳ್ದೆ. ಗಾಡಿ ನಿಲ್ಸಿದ್ದು ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಹೆದ್ರಿಕೆ ಸಾಬ್. ನಿಮ್ಮ ಹತ್ರಾನೂ ಅದಕ್ಕೇ ಹೇಳ್ಲಿಲ್ಲ."

"ಟ್ಯಾಂಕರ್ ಎಲ್ಲಿತ್ತು ಆಗ?"

"ಹೋಟೆಲ್ ಮುಂದೇನೇ."

"ಹಾಲು?"

"ತುಂಬ ಇತ್ತು. ಇನ್ನೂ ಡೇರಿಗೆ ಹೋಗೇ ಇರ್ಲಿಲ್ಲ."

ಶರಾವತಿಯ ಮಾತನ್ನು ಅಮೂಲ್ಯಳೂ ಕೇಳಿದ್ದಳು. ಕುಲ್ಸುಂಳ ಮಾತನ್ನೂ ಕೇಳಿದ್ದಳು. ಒಂದರ ಪಕ್ಕ ಒಂದನ್ನು ಇಟ್ಟು ನೋಡಿರಲಿಲ್ಲ.

"ಶರಾವತಿ ಅವರೇ, ನೀವು ರಿಜ್ವಾನ್‌ಗೆ ಫೋನ್ ಮಾಡೋ ಮುಂಚೆ ನಿಮಗೆ ಸುದ್ದಿ ಹೇಳಿದ್ದು ಯಾರು?"

ಶರಾವತಿ ಬೆರಳು ತೋರಿಸಲಿಲ್ಲ. ಮೆಲ್ಲಗೆ ಹೇಳಿದಳು. "ರೇಣುಕಾಪ್ರಸಾದ್ ಸರ್. ಅವರ ಕರೆ ನನ್ನ ಫೋನಲ್ಲಿ ಇನ್ನೂ ಇದೆ."

"ಅಮೂಲ್ಯ ಮೇಡಂ ನಂಗೆ ಹೇಳಿದ ಮೇಲೆ ತಾನೇ ನಾನು—" ರೇಣುಕಾಪ್ರಸಾದ್ ಶುರು ಮಾಡಿದರು.

"ನಾನು ನಿಮಗೆ ಫೋನ್ ಮಾಡಿದಾಗ," ಅಮೂಲ್ಯ ಹೇಳಿದಳು, "ಟ್ಯಾಂಕರ್ ನಮ್ಮ ಅಂಗಳದಲ್ಲಿತ್ತು. ಎರಡು ಪರೀಕ್ಷೆ ಮುಗಿದಿತ್ತು."

"ಲಿಖಿತಾ ಹೇಳಿರ್ಬೇಕು. ಯಾರೋ ಹೇಳಿದ್ರು, ಸರಿಯಾಗಿ ನೆನಪಿಲ್ಲ."

"ಯಾರೂ ಹೇಳೋದಕ್ಕೆ ಸಾಧ್ಯವಿಲ್ಲ ಸರ್," ಎಂದರು ಪೀರ್ ಬಾಷಾ. ದನಿ ಏರಲಿಲ್ಲ. "ಹೇಳೋಕೆ ಯಾರಿಗೂ ಇನ್ನೂ ಗೊತ್ತೇ ಇರ್ಲಿಲ್ಲ. ಹಾಲು ಓಲ್ಡ್ ಟೌನಿನ ಸಂದೀಲಿ ನಿಂತಿತ್ತು. ದಿನಾ ಟ್ಯಾಂಕರ್ ಡೇರಿ ಸೇರೋ ಹೊತ್ತು ನಿಮಗೆ ಗೊತ್ತು. ಪರೀಕ್ಷೆ ಮುಗಿದಿರುತ್ತೆ ಅಂದ್ಕೊಂಡು, ವಿಮಾನ ಇಳಿಯೋ ಮುಂಚೆ ಶರಾವತಿಗೆ ಫೋನ್ ಮಾಡಿದ್ರಿ. ಪೂಜಿತಾ ಮೇಡಂ ಕಾರಲ್ಲಿ ಕೂತ್ಮೇಲೆ ಆ ಮಾತು ಆಡೋ ಹಾಗಿರ್ಲಿಲ್ಲ, ಅಲ್ವಾ? ಡೇರೀಲಿ ಇದ್ದಿದ್ರೆ ಅಂಗಳ ಖಾಲಿ ಇರೋದು ಕಾಣ್ತಿತ್ತು. ಸೋಗಾನೆಯಿಂದ ಕಾಣ್ಲಿಲ್ಲ. ಒಬ್ಬ ಹುಡುಗಂಗೆ ಮೈ ಬಿಸಿಯಾಗಿ ಅವನ ತಾಯಿ ಕೂರಿಸ್ಕೊಂಡ್ಳು, ನಿಮ್ಮ ಲೆಕ್ಕ ತಪ್ಪಿತು. ಹಾಲು ಪರೀಕ್ಷೆಗೆ ಬರೋ ಮೊದಲೇ ಅದು ಫೇಲಾಗುತ್ತೆ ಅಂತ ಗೊತ್ತಿರೋದು ಯಾರಿಗೆ? ಬಾಟಲಿಗೆ ಔಷಧಿ ಹಾಕಿದವರಿಗೆ ಮಾತ್ರ."

ರೇಣುಕಾಪ್ರಸಾದ್ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಆ ಖಾಸಗಿ ಗಾಡಿಯವರಿಗೂ 'ಸಂಜೆ ಬನ್ನಿ' ಅಂತ ಹೇಳಿದ್ದು ನೀವೇನಾ ಸರ್?" ಅಮೂಲ್ಯ ಕೇಳಿದಳು.

ಅವರು ಅಮೂಲ್ಯಳ ಕಡೆ ನೋಡಲಿಲ್ಲ, ಪೂಜಿತಾಳ ಕಡೆ ನೋಡಿದರು.

"ಮಳೆಯಲ್ಲಿ ಬೈಕ್ ಓಡಿಸಿ ಈ ಊರುಗಳನ್ನೆಲ್ಲ ಸೇರಿಸಿದ್ದು ನಾನು. ಈ ಸಣ್ಣ ಡೇರಿ ದೊಡ್ಡವರ ಎದುರು ಎಷ್ಟು ವರ್ಷ ನಿಲ್ಲುತ್ತೆ? ಅವರು ನಾಳೆ ದರ ಏರಿಸಿದ್ರೆ ಈ ಹೆಂಗಸರೇ ನಮ್ಮನ್ನ ಬಿಟ್ಟು ಹೋಗ್ತಾರೆ. ಮುಳುಗೋ ಮುಂಚೆ ಅವರ ಜೊತೆ ಸೇರೋದು ಒಳ್ಳೇದು ಅಂತ ನಾನು ಮೀಟಿಂಗಲ್ಲಿ ಹೇಳ್ದೆ. ಯಾರೂ ಕೇಳ್ಲಿಲ್ಲ. ಔಷಧಿ ಇಲ್ಲದ ಹಾಲು ಅಂದ್ರೆ ಚಪ್ಪಾಳೆ ತಟ್ಟಿದ್ರು. ಆ ಖಾಸಗಿ ಕಂಪನಿಯವರು ನಂಗೆ ಇಡೀ ಜಿಲ್ಲೆಯ ಸಂಗ್ರಹಣೆ ವಹಿಸ್ತೀವಿ ಅಂದ್ರು. ಹೌದು, ಅದೂ ಇದೆ. ಆದ್ರೆ ನಾನು ಹೇಳಿದ್ದು ಸುಳ್ಳಲ್ಲ."

"ದರ ಏರಿಸೋರು ಏರಿಸ್ತಾರೆ ಸರ್," ಎಂದಳು ಶರಾವತಿ. ಆ ಕೋಣೆಯಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು. "ಬಿಟ್ಟು ಹೋಗೋರು ಹೋಗ್ತಾರೆ. ಅದು ನಮ್ಮಿಷ್ಟ. ಅದಕ್ಕೆ ಕಲ್ಲಮ್ಮನ ಹೆಸರು ಯಾಕೆ ಬೇಕಿತ್ತು?"

ರೇಣುಕಾಪ್ರಸಾದ್ ಕರವಸ್ತ್ರ ಮಡಚಿ ಜೇಬಿಗಿಟ್ಟರು.

ಪೀರ್ ಬಾಷಾ ಕರೆಸಿದ ಪೊಲೀಸರು ಬಂದು ಅವರನ್ನು ಕರೆದುಕೊಂಡು ಹೋದ ಮೇಲೆ ಪೂಜಿತಾ ಪಟ್ಟಿಗಳನ್ನು ಇನ್ನೊಮ್ಮೆ ಕೈಗೆತ್ತಿಕೊಂಡಳು. ಅಮೂಲ್ಯ ಎದುರಿಗೆ ನಿಂತು ಕಾದಳು. ಈಗ ಎಲ್ಲವೂ ಅವಳ ಒಂದು ಮಾತಿನ ಮೇಲೆ ನಿಂತಿತ್ತು.

"ಇವತ್ತು ನಾನು ಸಹಿ ಹಾಕಲ್ಲ," ಎಂದಳು ಪೂಜಿತಾ. "ಒಬ್ಬರ ಕೈಯಲ್ಲಿ ಬಾಟಲಿ, ಅವರದೇ ಕೈಯಲ್ಲಿ ಊರು— ಇದು ಸರಿಯಲ್ಲ. ಹಾಲು ಹಾಕೋರ ಕಣ್ಣೆದುರೇ ಊರಲ್ಲೇ ಮೊದಲ ಪರೀಕ್ಷೆ ಆಗ್ಲಿ. ಆ ವ್ಯವಸ್ಥೆ ಮಾಡಿ. ಮಾಡೋವರೆಗೆ ನಾನು ಬೇರೆ ಡೇರಿ ಹುಡುಕಲ್ಲ." ಬಾಗಿಲ ಹತ್ತಿರ ತಿರುಗಿ ನಿಂತಳು. "ನನ್ನನ್ನ ಹೊರಗೆ ಕಳಿಸಿದ್ದಿದ್ರೆ, ಸಂಜೆ ವಿಮಾನಕ್ಕೆ ಹೋಗಿಬಿಡ್ತಿದ್ದೆ."

ರಿಜ್ವಾನನನ್ನು ಏನು ಮಾಡುವುದೆಂದು ಪೀರ್ ಬಾಷಾ ಕೇಳಿದರು. "ಟ್ಯಾಂಕರ್ ನಿಲ್ಸಿದ್ದಕ್ಕೆ ಎಚ್ಚರಿಕೆ ಕೊಡ್ತೀನಿ," ಎಂದಳು ಅಮೂಲ್ಯ. "ಕುಲ್ಸುಂ ಅಕ್ಕನ ಹಾಲಿಗೆ ಬೇರೆ ಗಾಡಿ ಕಳಿಸ್ತೀನಿ."

ಸಂಜೆ ಅವಳು ಹುಣಸೆಕೊಪ್ಪಕ್ಕೆ ಒಬ್ಬಳೇ ಹೋದಳು. ಹಾಲು ಹಾಕುವ ಹೊತ್ತು. ಕೇಂದ್ರದ ಮುಂದೆ ಹೆಂಗಸರ ಸಾಲು ನಿನ್ನೆಗಿಂತ ಚಿಕ್ಕದಾಗಿತ್ತು. ಅಮೂಲ್ಯ ಕಟ್ಟೆ ಹತ್ತಿ ನಿಂತು ನಡೆದದ್ದನ್ನು ಬಿಡಿಸಿ ಹೇಳಿದಳು. ಹಾಲು ಚೆನ್ನಾಗಿತ್ತು ಎಂದಳು. ಅದನ್ನು ಚೆಲ್ಲಿಸಿದ್ದು ತಾನು ಎಂದಳು. ಕಲ್ಲಮ್ಮನನ್ನು ಒಂದು ಮಾತೂ ಕೇಳದೆ ಸಹಿ ಹಾಕಿದ್ದೂ ತಾನೇ, ಆ ಆದೇಶ ಈಗ ರದ್ದಾಗಿದೆ ಎಂದಳು. ಕೆಲವರು ನೆಲ ನೋಡಿದರು.

ಆಮೇಲೆ ಕಲ್ಲಮ್ಮನ ಮನೆಗೆ ಹೋಗಿ ಕರೆದಳು. ಕಲ್ಲಮ್ಮ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಳು. ಬಹಳ ಹೊತ್ತಿನ ಮೇಲೆ ಸೆರಗು ಸಿಕ್ಕಿಸಿಕೊಂಡು, ಹಾಲಿನ ಕ್ಯಾನು ಎತ್ತಿಕೊಂಡು ಹೊರಬಂದಳು.

ಅವಳು ಬರುವುದನ್ನು ಕಂಡು ಸಾಲು ಎರಡಾಗಿ ಸರಿಯಿತು. "ಮುಂದೆ ಬಾ ಕಲ್ಲಮ್ಮ, ನೀನೇ ಮೊದಲು ಹಾಕು," ಎಂದಳೊಬ್ಬಳು. ನಿನ್ನೆ ಎಲ್ಲರಿಗಿಂತ ಜೋರಾಗಿ ಬೈದವಳು ಅವಳೇ.

ಕಲ್ಲಮ್ಮ ಅವಳನ್ನು ನೋಡಿದಳು. ಅಮೂಲ್ಯಳನ್ನೂ ನೋಡಿದಳು.

"ಬ್ಯಾಡ ಮಾರಾಯ್ತಿ. ನನ್ನ ಸರದಿ ಬಂದಾಗ ಹಾಕ್ತೀನಿ."

ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಅಮೂಲ್ಯ ಅವಳ ಪಕ್ಕದಲ್ಲಿ ನಿಂತಳು. ಸಾಲು ನಿಧಾನವಾಗಿ ಮುಂದೆ ಸಾಗಿತು.